ನೆನೆಯುವ ಸೆಕೆಂಡುಗಳು

ಏಳು ಸೆಕೆಂಡು ಸಾಲದೆಂದು ನಾಯೆಫನಿಗೆ ಬುಧವಾರವೇ ಗೊತ್ತಾಗಿತ್ತು. ಹತ್ತು ಜಾಸ್ತಿಯಾಯಿತೆಂದು ನಿನ್ನೆ ಗೊತ್ತಾಯಿತು. ಇವತ್ತು ಶುಕ್ರವಾರ, ಎಂಟಕ್ಕೋ ಒಂಬತ್ತಕ್ಕೋ ಇಟ್ಟು ನೋಡಬೇಕು, ಅದೂ ತಂಗಿಯ ಗಂಡ ಮಿತ್ಖಾಲ್ ಬರುವುದರೊಳಗೆ ಆಗಬೇಕು ಎಂದು ಬೆಳಗಿನ ನಮಾಜು ಮುಗಿಸಿದವನು ಮತ್ತೆ ಮಲಗದೆ ಅಡುಗೆಮನೆಗೆ ಬಂದು ಕಾಫಿ ಯಂತ್ರದ ಮುಂದೆ ನಿಂತಿದ್ದ. ಐವತ್ತೆಂಟರ ಗಂಡಸು, ಪೈಜಾಮದ ಮೇಲೊಂದು ಸ್ವೆಟರು, ಕಿವಿಯ ಹಿಂದೆ ಪೆನ್ಸಿಲು. ಕಿಟಕಿಯಾಚೆ ಅಮ್ಮಾನಿನ ಗುಡ್ಡಗಳ ಮೇಲೆ ಬಿಳಿ ಮನೆಗಳು ಒಂದರ ಹೆಗಲ ಮೇಲೊಂದು ಕೂತು ಇನ್ನೂ ನಿದ್ದೆ ಮಾಡುತ್ತಿದ್ದವು. ಕಾಫಿ ಪುಡಿಯ ಮೇಲೆ ನೀರು ಒಮ್ಮೆಗೇ ಪೂರ್ತಿ ಜೋರಿನಿಂದ ಬಿದ್ದರೆ ಪುಡಿ ಬಿರಿದುಬಿಡುತ್ತದೆ, ನೀರು ಸುಲಭದ ದಾರಿ ಹುಡುಕಿಕೊಂಡು ಒಂದೇ ಕಡೆ ನುಗ್ಗಿ ಕೆಳಗಿಳಿಯುತ್ತದೆ. ನುಗ್ಗಿದ ಕಡೆ ಕಹಿ, ಮುಟ್ಟದ ಕಡೆ ಹುಳಿ. ಅದಕ್ಕೇ ಮೊದಲು ಕೆಲವು ಸೆಕೆಂಡು ಮೆಲ್ಲಗೆ ನೀರುಣಿಸಿ ಪುಡಿಯನ್ನು ನೆನೆಯಗೊಡಬೇಕು. ಎಷ್ಟು ಸೆಕೆಂಡು ಎನ್ನುವುದೇ ಪ್ರಶ್ನೆ. ಇದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷ ಊರಿಗೆ ನೀರು ಬಿಡುವ ಕೆಲಸ ಮಾಡಿದವನು. ಒಣಗಿ ಕೂತ ಹಳೇ ಪೈಪಿಗೆ ಒಮ್ಮೆಲೇ ನೀರು ಬಿಟ್ಟರೆ ಏನಾಗುತ್ತದೆಂದು ರಸ್ತೆ ಅಗೆಸಿ ಅಗೆಸಿ ಕಲಿತಿದ್ದ.

"ಏನಣ್ಣಾ, ಇವತ್ತಾದ್ರೂ ಹೆರುತ್ತಾ ನಿನ್ನ ಮೆಷಿನ್ನು, ಇಲ್ಲಾ ಬರೀ ನೋವೇನಾ?" ಎನ್ನುತ್ತ ತಂಗಿ ನಶ್ಮಿಯಾ ಬಂದಳು. ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಇಷ್ಟು ಬೇಗ ಸ್ನಾನವಾಗಿದೆ ಎನ್ನುವುದನ್ನು ಅವನು ಗಮನಿಸಿದ, ಗಮನಿಸಲಿಲ್ಲ ಎನ್ನುವಂತೆ ತಿರುಗಣೆಯನ್ನು ಎಂಟಕ್ಕೆ ತಂದ. ಒತ್ತಡ ತೋರಿಸುವ ಮುಳ್ಳು ಮೂರರ ಹತ್ತಿರ ನಿಂತು ನಡುಗಿತು. ಎಂಟು ಸೆಕೆಂಡು ಅಣ್ಣ ತಂಗಿ ಇಬ್ಬರೂ ಮಾತಾಡಲಿಲ್ಲ. ಏಳು ತಿಂಗಳಲ್ಲಿ ಅದು ಇಬ್ಬರಿಗೂ ಅಭ್ಯಾಸವಾಗಿತ್ತು. ಆಮೇಲೆ ಮುಳ್ಳು ಒಂಬತ್ತಕ್ಕೇರಿ, ಕಾಫಿ ದಾರದ ಹಾಗೆ ಇಳಿಯತೊಡಗಿತು. ನಶ್ಮಿಯಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಹುಳಿ. ಮೊನ್ನೆಯಷ್ಟಿಲ್ಲ. ಮೊನ್ನೇದು ಕುಡಿದು ಹಲ್ಲು ಜುಂ ಅಂತಿತ್ತು." ಅವನು ಕಿವಿಯಿಂದ ಪೆನ್ಸಿಲು ತೆಗೆದು ಪುಸ್ತಕದಲ್ಲಿ ಬರೆದುಕೊಂಡ. ಆ ಪುಸ್ತಕದಲ್ಲಿ ಸೆಕೆಂಡುಗಳ ಎದುರಿಗೆ ಇರುವುದೆಲ್ಲ ಅವಳದೇ ಮಾತು: ಔಷಧಿ, ಸುಟ್ಟ ಚರ್ಮ, ಪರವಾಗಿಲ್ಲ, ಥೂ. ಅವನ ನಾಲಿಗೆ ನಂಬುವಂಥದ್ದಲ್ಲ. ತಾನು ಮಾಡಿದ್ದೆಂದ ಮೇಲೆ ಅವನಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತಿತ್ತು.

ಹೆಂಡತಿ ಹಿಯಾಮ್ ಸತ್ತು ಎರಡು ವರ್ಷ. ಮಗಳು ಹಲಾ ಮದುವೆಯಾಗಿ ಇರ್ಬಿದ್ ಸೇರಿದ್ದಳು. ಯಂತ್ರ ತಂದದ್ದು ಹಿಯಾಮಳ ನಂತರ, ಮನೆಯಲ್ಲಿ ಏನಾದರೊಂದು ಸದ್ದು ಮಾಡಲಿ ಎಂದು. ಆಗ ಕುಡಿಯುವವನೂ ಅವನೇ, ಹೊಗಳುವವನೂ ಅವನೇ. ಏಳು ತಿಂಗಳ ಹಿಂದೆ ಒಂದು ಸಂಜೆ ಬಾಗಿಲು ತೆಗೆದರೆ ನಶ್ಮಿಯಾ ಮದುವೆಮನೆಯ ಬಟ್ಟೆಯಲ್ಲೇ ನಿಂತಿದ್ದಳು, ಬಟ್ಟೆಯೆಲ್ಲ ಮೊಸರು ಮಾಂಸದ ವಾಸನೆ. ಮಾದಬಾದಲ್ಲಿ ಗಂಡನ ಅಣ್ಣನ ಮಗನ ಮದುವೆ. ಇನ್ನೂರು ಜನಕ್ಕೆ ಮನ್ಸಫ್ ಬೇಯಿಸುವಾಗ ಮೊಸರು ಒಡೆದಿತ್ತು. ಮಿತ್ಖಾಲ್ ಎಲ್ಲರೆದುರು ಒಲೆಯ ಹತ್ತಿರ ಬಂದು, "ಇಪ್ಪತ್ತೆರಡು ವರ್ಷದಲ್ಲಿ ಇಷ್ಟೂ ಕಲೀದಿದ್ರೆ ನಿನ್ನ ಅಣ್ಣನ ಮನೆಗೆ ಹೋಗು!" ಎಂದನಂತೆ. ಅವಳು ಸೌಟು ಕೆಳಗಿಟ್ಟು, ಕೈ ತೊಳೆದು, ಬಸ್ಸು ಹತ್ತಿದ್ದಳು. ಹೀಗೆ ಮುನಿಸಿಕೊಂಡು ತವರಿಗೆ ಬಂದ ಹೆಣ್ಣನ್ನು ಗಂಡನೇ ಬಂದು ಕರೆಯಬೇಕು. ಅವಳಾಗಿ ಹೋಗುವಂತಿಲ್ಲ, ತವರಿನವರು ಕಳಿಸುವಂತೂ ಇಲ್ಲ. "ಬಂದು ಕೇಳಲಿ, ಹೋಗ್ತೀನಿ. ಬೈದ ಬಾಯಲ್ಲೇ ಕೇಳ್ಬೇಕು ಅಷ್ಟೆ," ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಅವಳ ಮಾತು ಇವತ್ತಿಗೂ ಅದೇ. ಅವಳು ಒಂದು ಸಲವೂ ಮಾತು ಬದಲಿಸಲಿಲ್ಲವಲ್ಲ ಎಂದು ನಾಯೆಫನಿಗೆ ಒಳಗೊಳಗೇ ಕಸಿವಿಸಿ. ರಂಜಾನಿಗೆ ಮುಂಚೆ ಅವರ ಕಡೆಯ ಚಿಕ್ಕಪ್ಪನೊಬ್ಬ ಫೋನು ಮಾಡಿ, ಮಿತ್ಖಾಲನನ್ನು ಕರೆತರಲೇ ಎಂದು ಕೇಳಿದ್ದ. "ಹಬ್ಬ ಕಳೀಲಿ, ನೋಡೋಣ," ಎಂದಿದ್ದ ನಾಯೆಫ್. ಆ ಫೋನಿನ ವಿಷಯ ತಂಗಿಗೆ ಹೇಳಿರಲಿಲ್ಲ. ಮರೆತಿದ್ದ. ಮರೆತಿದ್ದನೇ? ಆವತ್ತು ಸೆಕೆಂಡು ಐದರಲ್ಲಿತ್ತು, ಅವಳು "ಮಣ್ಣು" ಎಂದು ಮುಖ ಸಿಂಡರಿಸಿದ್ದಳು, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು ಎನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು.

ಹತ್ತೂವರೆಗೆ ಓಣಿಯ ಏರಿನಲ್ಲಿ ಭಾರದ ಇಂಜಿನ್ನು ಏದುಸಿರು ಬಿಡುವುದು ಕೇಳಿತು. ಮಿತ್ಖಾಲ್ ತನ್ನ ನೀರಿನ ಟ್ಯಾಂಕರನ್ನೇ ಹತ್ತಿಸಿಕೊಂಡು ಬಂದಿದ್ದ. ಎದುರು ಮನೆಯ ಬಾಲ್ಕನಿಯಿಂದ ಯಾರೋ ಹೆಂಗಸು, "ನೀರಣ್ಣಾ, ನಮ್ಮ ಟ್ಯಾಂಕಿಗೂ ಒಂದಿಷ್ಟು ಬಿಡೋ!" ಎಂದು ಕೂಗಿದಳು. "ಇವತ್ತು ನೀರಿಲ್ಲ ತಾಯೀ, ಇವತ್ತು ನಾನೇ ಕೇಳೋಕೆ ಬಂದೋನು," ಎಂದು ಅವನು ಕೆಳಗಿನಿಂದ ಹೇಳಿದ್ದು ಮೇಲಿನ ಅಂತಸ್ತಿಗೆ ಸ್ಪಷ್ಟವಾಗಿ ಕೇಳಿಸಿತು. ಒಳಕೋಣೆಯಲ್ಲಿ ನಶ್ಮಿಯಾಳಿಗೂ ಕೇಳಿಸಿರಬೇಕು. ಅಲ್ಲಿ ಇಸ್ತ್ರಿಪೆಟ್ಟಿಗೆಯ ಸದ್ದು ಗಕ್ಕನೆ ನಿಂತಿತು.

ಸಲಾಂ ಆಯಿತು, ಕೆನ್ನೆಗೆ ಕೆನ್ನೆ ತಾಗಿಸಿದ್ದಾಯಿತು, ಆರೋಗ್ಯ, ಮಗಳು, ಮಳೆ, ಡೀಸೆಲು ಎಲ್ಲವನ್ನೂ ವಿಚಾರಿಸಿದ್ದಾಯಿತು. ಮಿತ್ಖಾಲ್ ಸೋಫಾದ ತುದಿಯಲ್ಲಿ ಕೂತಿದ್ದ, ಎದ್ದು ಹೋಗೆಂದರೆ ಹೋಗಲು ತಯಾರಾದವನ ಹಾಗೆ. ಕೆಂಪು ಚೌಕಳಿಯ ತಲೆವಸ್ತ್ರ ಹೊಸದು. ಅದನ್ನು ಮಡಿಕೆ ಬಿಡಿಸಿ ಈಗಷ್ಟೇ ಹೊದ್ದದ್ದು ಕಾಣುತ್ತಿತ್ತು. "ಹಿರಿಯರನ್ನ ಕರ್ಕೊಂಡು ಬರ್ಲಿಲ್ಲ, ಅಬು ಹಲಾ," ಎಂದ, ಮಗಳ ಹೆಸರು ಹಿಡಿದು ಮರ್ಯಾದೆಯಿಂದ. "ಕರ್ಕೊಂಡು ಬಾ ಅಂದ್ರು. ಬೈದಿದ್ದು ನಾನೊಬ್ಬನೇ, ಬರೋನೂ ನಾನೊಬ್ಬನೇ ಅಂದೆ." ಒಬ್ಬನೇ ಬಂದರೆ ಇದು ಕ್ರಮವಲ್ಲ ಎನ್ನಲು ನಾಯೆಫ್, ಮಿತ್ಖಾಲ್ ಬರುತ್ತೇನೆಂದು ಹೇಳಿಕಳಿಸಿದ ದಿನದಿಂದ, ಒಂದು ವಾರ ಮಾತು ಜೋಡಿಸಿಟ್ಟುಕೊಂಡಿದ್ದ. ಆ ಮನುಷ್ಯ ಕೂತ ಕೂಡಲೇ ಅದನ್ನು ಕೈಯಿಂದ ಕಿತ್ತುಕೊಂಡಿದ್ದ. "ಇರು, ಕಾಫಿ ತರ್ತೀನಿ. ಇದು ಮಾಮೂಲಿ ಕಾಫಿ ಅಲ್ಲ, ನೋಡ್ತಿರು," ಎಂದು ಎದ್ದು ಬಂದುಬಿಟ್ಟ. ಎದ್ದು ಬಂದು ಎಂಟು ಸೆಕೆಂಡಿಗೇ ಮಾಡಿ ಒಯ್ದ. ಪುಟ್ಟ ಬಿಳಿ ಕಪ್ಪು, ಮೇಲೆ ಹೊಂಬಣ್ಣದ ನೊರೆ. ಮಿತ್ಖಾಲ್ ಬಲಗೈಯಲ್ಲಿ ತೆಗೆದುಕೊಂಡು, ಒಂದು ಕ್ಷಣ ಹಿಡಿದು, ಕುಡಿಯದೆ ಮುಂದಿನ ಮೇಜಿನ ಮೇಲಿಟ್ಟ. ಇಟ್ಟು, ಎರಡೂ ಕೈ ಮೊಣಕಾಲ ಮೇಲೆ ಊರಿ, ತಲೆ ತಗ್ಗಿಸಿದ.

"ವಾಸನೆಗೇ ಗೊತ್ತಾಯ್ತಾ ನಿಂಗೆ?" ಎಂದ ನಾಯೆಫ್, ಸೋತವನ ನಗೆ ನಗುತ್ತ. "ಹುಳಿ ಇದೆ, ಒಪ್ಪಿದೆ. ಎಂಟು ಸಾಲಲ್ಲ ಅಂತ ಬೆಳಿಗ್ಗೇನೇ ಅಂದ್ಕೊಂಡೆ. ತಾಳು, ಬೇರೆ ಮಾಡ್ತೀನಿ." ಮಿತ್ಖಾಲ್ ತಲೆಯೆತ್ತಿ ಅವನ ಮುಖವನ್ನಲ್ಲ, ಕಪ್ಪು ಎತ್ತಿಕೊಂಡ ಅವನ ಕೈಯನ್ನು ನೋಡಿದ. ಎಂಥ ನೋಟ ಅದು! ನಾಯೆಫನಿಗೆ ಅಡುಗೆಮನೆ ತಲುಪುವವರೆಗೂ ಮೊಣಕೈ ಬಿಸಿಯಾಗಿತ್ತು. ಕಪ್ಪಿನಲ್ಲಿದ್ದುದನ್ನು ತೊಟ್ಟಿಗೆ ಚೆಲ್ಲಿ, ಹಿಡಿಕೆಯ ಪುಡಿ ಕೊಡವಿ, ಹೊಸ ಬೀಜ ತೂಗಿದ, ಬೀಸಿದ, ಒತ್ತಿದ. ತಿರುಗಣೆ ಒಂಬತ್ತಕ್ಕೆ ಬಂತು. ಗುಂಡಿ ಒತ್ತಿದ. ಪುಡಿ ಒಳಗೆ ನೆನೆಯುತ್ತಿದೆ, ಹೊರಗೆ ಒಂದು ಹನಿಯೂ ಇಲ್ಲ, ಮುಳ್ಳು ಮೂರರಲ್ಲಿ ನಿಂತಿದೆ. ಆ ಒಂಬತ್ತು ಸೆಕೆಂಡು ಎಷ್ಟು ಉದ್ದ ಅಂತೀರಿ! ಕರಕ್‌ನ ಹಳೇ ಮನೆ, ಉಣ್ಣೆಯ ಹಾಸಿನ ಮೇಲೆ ಅಪ್ಪ, ಎದುರಿಗೆ ಸಾಲಾಗಿ ಹದಿನೈದು ಗಂಡಸರು. ಅವರಲ್ಲಿ ಹಿರಿಯ ಕೈಗೆ ಕೊಟ್ಟ ಬಟ್ಟಲನ್ನು ನೆಲದ ಮೇಲಿಟ್ಟಿದ್ದಾನೆ. ಕೇಳಲು ಬಂದವನು ಹಾಗೇ ಇಡುವುದು. ಮನೆಯವನು "ಕುಡಿ, ನೀನು ಬಂದ ಕೆಲಸ ಆಯ್ತು" ಎನ್ನುವವರೆಗೆ ಮುಟ್ಟುವುದಿಲ್ಲ. ಅವರ ಟ್ರಾಕ್ಟರಿಗೆ ಸಿಕ್ಕಿ ಸತ್ತಿದ್ದು ಅಪ್ಪನ ತಮ್ಮ. ಬಟ್ಟಲು ಆರಿತು, ಮೇಲೆ ಕೆನೆಗಟ್ಟಿತು, ಒಂದು ನೊಣ ಬಂದು ಕೂತು ಹೋಯಿತು. ಅಪ್ಪ ಬಾಯಿ ಬಿಡಲಿಲ್ಲ. ನಾಯೆಫ್, ಆಗಿನ್ನೂ ಹುಡುಗ, ಬಾಗಿಲ ಹಿಂದೆ ನಿಂತು ನೋಡುತ್ತಿದ್ದ. ಕೊನೆಗೆ ಅಪ್ಪ "ಕುಡಿ" ಎಂದ. ಅಷ್ಟು ವರ್ಷದಲ್ಲಿ ಎಷ್ಟು ಬಟ್ಟಲುಗಳು ಆ ಹಾಸಿನ ಮೇಲೆ ಕೂತವೋ. ಬೇಡದಿದ್ದರೆ ಅಪ್ಪ ಬಾಯಿಬಿಟ್ಟು ಬೇಡ ಎನ್ನುತ್ತಿದ್ದ. ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದದ್ದು ಮಾತ್ರ ಒಂದು ಸಲವೂ ಇಲ್ಲ. ಅಂಥ ಅವಮಾನವನ್ನು ಅವನು ವೈರಿಗೂ ಮಾಡಿದವನಲ್ಲ. ಮುಳ್ಳು ಏರಿತು. ಕಾಫಿ ಇಳಿಯತೊಡಗಿತು. ಆದರೆ ಅದೆಲ್ಲ ಏಲಕ್ಕಿ ಹಾಕಿ ಕುದಿಸಿದ ಕಾಫಿಗೆ, ಕಿವಿಯಿಲ್ಲದ ಬಟ್ಟಲಿಗೆ, ಹದಿನೈದು ಜನರಿಗೆ ಸರಿ. ಈ ಬಿಳಿ ಕಪ್ಪಿಗೆ ಆ ಕಟ್ಟುಪಾಡೆಲ್ಲ ಎಲ್ಲಿಂದ ಬರಬೇಕು? ಟ್ಯಾಂಕರ್ ಓಡಿಸುವವನಿಗೆ ಹುಳಿ ಹಿಡಿಸಲಿಲ್ಲ, ಅಷ್ಟೆ. ಸರಿಯಾಗಿ ನೆನೆದಿಲ್ಲ.

ಎರಡನೆಯದನ್ನೂ ಮಿತ್ಖಾಲ್ ಮೇಜಿನ ಮೇಲಿಟ್ಟ, ಮೊದಲಿನದಕ್ಕಿಂತ ಮೆಲ್ಲಗೆ, ಈ ಸಲ ನಾಯೆಫನ ಕಣ್ಣಲ್ಲಿ ಕಣ್ಣಿಟ್ಟು. "ಅಬು ಹಲಾ," ಎಂದ. ಅಷ್ಟೇ. ಮುಂದಿನದನ್ನು ಹೇಳುವುದು ಅವನ ಕೆಲಸವಲ್ಲ, ಕೇಳುವುದು ಮನೆಯವನ ಕೆಲಸ. ನಾಯೆಫ್ ಕೇಳಲಿಲ್ಲ. ಬೀಜದ ವಿಷಯ ಮಾತಾಡಿದ. ಇದು ಇಥಿಯೋಪಿಯಾದ್ದು, ತಿಳಿಯಾಗಿ ಹುರಿದದ್ದು, ಇದಕ್ಕೆ ತಾಳ್ಮೆ ಜಾಸ್ತಿ ಬೇಕು, ಒಂದು ಸೆಕೆಂಡು ಆಚೀಚೆಯಾದರೆ ಮುನಿಸಿಕೊಳ್ಳುತ್ತದೆ ಎಂದೆಲ್ಲ ಹೇಳುತ್ತಲೇ ಹೋದ. ತನ್ನ ದನಿ ತನಗೇ ಅಂಗಡಿಯವನ ದನಿಯಂತೆ ಕೇಳಿಸುತ್ತಿತ್ತು. ಕಪ್ಪು ಆರುತ್ತಿತ್ತು. ಒಳಕೋಣೆಯ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಅವಳು ಹೋದ ಮೇಲೆ ಬೆಳಿಗ್ಗೆ ಆರು ಗಂಟೆಗೆ ಈ ಮನೆಯಲ್ಲಿ ಯಾರು "ಥೂ" ಎನ್ನುತ್ತಾರೆ? ಆ ಯೋಚನೆ ಬಂದ ಕೂಡಲೇ ಅವನ ಕೈ ತಾನಾಗಿ ಮುಂದೆ ಹೋಗಿ ಕಪ್ಪನ್ನು ಎತ್ತಿತು. "ಒಂದೇ ನಿಮಿಷ. ಇನ್ನು ಅರ್ಧ ಸೆಕೆಂಡು ನೆನೆದ್ರೆ ಸರಿಹೋಗುತ್ತೆ."

ಮೂರನೆಯದನ್ನು ತಂದಾಗ ಮಿತ್ಖಾಲ್ ಕೈ ಚಾಚಲಿಲ್ಲ. ಎದ್ದು ನಿಂತಿದ್ದ. ಆ ದೊಡ್ಡ ದೇಹ ಕೋಣೆಯ ನಡುವೆ ಎಲ್ಲಿ ಕೈಯಿಡಬೇಕೆಂದು ಗೊತ್ತಾಗದೆ ನಿಂತಿತ್ತು. "ಅಲ್ಲೇ ಮೇಜಿನ ಮೇಲಿಡು," ಎಂದ. ನಾಯೆಫ್ ಇಟ್ಟ. ಇಬ್ಬರೂ ಆ ಕಪ್ಪನ್ನು ನೋಡಿದರು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ನಾಯೆಫ್ ಬಗ್ಗಿ ಕಪ್ಪನ್ನು ಮತ್ತೆ ಕೈಗೆತ್ತಿಕೊಂಡ. "ಆರೋದ್ರೊಳಗೆ ಕುಡಿದ್ರೇನೇ ಚೆಂದ..." ಎಂದು ಏನೋ ಗೊಣಗಿದ.

"ಸಾಕು, ಅಬು ಹಲಾ. ಅರ್ಥ ಆಯ್ತು," ಎಂದ ಮಿತ್ಖಾಲ್. ದನಿಯಲ್ಲಿ ಸಿಟ್ಟಿರಲಿಲ್ಲ. "ಬೇಡ ಅಂತ ಬಾಯಲ್ಲಿ ಅಂದಿದ್ರೂ ಆಗ್ತಿತ್ತು. ಮೂರು ಸಲ ಇಡಿಸ್ಬೇಕಾಗಿರ್ಲಿಲ್ಲ." ಹೊಸ ತಲೆವಸ್ತ್ರ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದ. ಜುಮ್ಮಾ ಬಾಂಗು ಆಗುವುದಕ್ಕೆ ಇನ್ನೂ ಹೊತ್ತಿತ್ತು. ಟ್ಯಾಂಕರು ಹಿಂದಕ್ಕೆ ಸರಿಯುತ್ತ ಪೀಂ ಪೀಂ ಎನ್ನುವುದು ಓಣಿಯ ಕೊನೆಯವರೆಗೂ ಕೇಳುತ್ತಲೇ ಇತ್ತು.

ನಶ್ಮಿಯಾ ಬಂದಳು. ನೀಲಿ ಬಟ್ಟೆ, ಇಸ್ತ್ರಿಯಾದದ್ದು. ಕೂದಲು ಒಣಗಿತ್ತು. ಅವಳು ಜಗಳ ತೆಗೆಯುತ್ತಾಳೆ ಎಂದುಕೊಂಡು ನಾಯೆಫ್ ಮೊದಲೇ ಶುರುಮಾಡಿದ: "ಅವನು ಕುಡೀಲೇ ಇಲ್ಲ ಕಣೇ. ಹುಳಿ ಆಗಿತ್ತು. ಹುಳಿ ಆದ್ರೆ ಯಾರು ಕುಡೀತಾರೆ ಹೇಳು?" ಅವಳು ಅವನ ಕೈಯಿಂದ ಕಪ್ಪು ತೆಗೆದುಕೊಂಡಳು. ದಿನಾ ಮಾಡುವ ಹಾಗೇ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ನಾಯೆಫ್ ಅವಳ ಮುಖವನ್ನೇ ನೋಡುತ್ತಿದ್ದ. ಹುಳಿ ಎನ್ನಲಿ, ಮಣ್ಣು ಎನ್ನಲಿ, ಏನಾದರೂ ಎನ್ನಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದ.

"ಚೆನ್ನಾಗಿದೆ," ಎಂದಳು. "ಆರಿದೆ, ಆದ್ರೂ ಚೆನ್ನಾಗಿದೆ. ಏಳು ತಿಂಗಳಲ್ಲಿ ನೀನು ಮಾಡಿದ್ರಲ್ಲೆಲ್ಲ ಇದೇ ಚೆನ್ನಾಗಿರೋದು."

ಅವನು ಮಿತ್ಖಾಲ್ ಕೂತಿದ್ದ ಜಾಗದಲ್ಲೇ ಕೂತ. ನಾಚಿಕೆಯೆಂದರೆ ಇಷ್ಟು ನಿಧಾನವಾಗಿ ಏರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕುತ್ತಿಗೆ, ಕಿವಿ, ನೆತ್ತಿ. ನಶ್ಮಿಯಾ ಎದುರಿಗೆ ಕೂತು ಉಳಿದದ್ದನ್ನೂ ಕುಡಿದು ಮುಗಿಸಿದಳು. ಹಾಳು ಮಾಡುವುದು ಅವಳ ಜಾಯಮಾನದಲ್ಲೇ ಇಲ್ಲ. "ನಿಂಗೆ ಗೊತ್ತಿತ್ತು," ಎಂದಳು. ಪ್ರಶ್ನೆಯಲ್ಲ. ಅವನು ಹೌದೆಂದು ತಲೆಯಾಡಿಸಿದ. "ಚಿಕ್ಕಪ್ಪ ಫೋನ್ ಮಾಡಿದ್ದೂ ನಂಗೊತ್ತು. ನನ್ನ ಓರಗಿತ್ತಿ ಊರಿಂದ ಹೇಳಿದ್ಳು. ನೀನಾಗಿ ಹೇಳ್ತೀಯೇನೋ ಅಂತ ಕಾದೆ." ಆಮೇಲೆ ಅವಳ ದನಿ ಸ್ವಲ್ಪ ಗಟ್ಟಿಯಾಯಿತು. "ನೋಡಣ್ಣಾ, ಅವನ ಬಾಯಿ ಹೊಲಸು, ನಿಜ. ಆದ್ರೆ ಅದು ನನ್ನ ಮನೆ. ಅಲ್ಲಿ ನನ್ನ ಒಲೆ ಇದೆ, ನಾನು ನೆಟ್ಟ ಆಲಿವ್ ಗಿಡ ಇವೆ, ಅವನೂ ಇದಾನೆ. ನಾನಿಲ್ಲಿ ನಿನ್ನ ಪುಸ್ತಕದಲ್ಲಿ ಮಾತ್ರ ಇದೀನಿ."

"ಈಗ್ಲೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ, ನಡಿ," ಎಂದು ಅವನು ಎದ್ದ.

"ನಾನೇನು ಪಾರ್ಸಲ್ಲಾ? ನಾನು ಬರಲ್ಲ. ಅವನು ಬಂದು ಕೇಳ್ಬೇಕು, ನನ್ನನ್ನೂ ಕೇಳ್ಬೇಕು. ಮೂರು ಸಲ ಬೇಡ ಅಂದ ಬಾಗಿಲಿಗೆ ಮತ್ತೆ ಬರೋ ಹಾಗೆ ಮಾಡೋದು ನಿನ್ನ ಕೆಲಸ."

ಮಾದಬಾಗೆ ನಲವತ್ತೈದು ನಿಮಿಷ. ದಾರಿಯುದ್ದಕ್ಕೂ ನಾಯೆಫ್ ಒಂದೊಂದೇ ಮಾತು ಜೋಡಿಸಿ ನೋಡಿದ, ಒಂದೂ ಹೊಂದಲಿಲ್ಲ. ಹೆಣ್ಣಿನ ಅಣ್ಣನಾದವನು ಗಂಡಿನ ಮನೆಗೆ ಹೋಗಿ ಕೇಳಿಕೊಳ್ಳುವುದು! ಅಪ್ಪ ಇದ್ದಿದ್ದರೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ದಾರಿಯಲ್ಲೊಂದು ಮಸೀದಿಯಲ್ಲಿ ನಿಲ್ಲಿಸಿ ಜುಮ್ಮಾ ಮುಗಿಸಿದ. ಸಾಲಿನಲ್ಲಿ ಪಕ್ಕದವನ ಭುಜ ತಾಗಿದಾಗ ಯಾಕೋ ಕಣ್ಣು ತುಂಬಿ ಬಂತು. ಮಿತ್ಖಾಲನ ಮನೆಯ ಬಾಗಿಲು ತೆರೆದೇ ಇತ್ತು. ಅವನು ಬರಿತಲೆಯಲ್ಲಿ, ಬನಿಯನ್ನಿನ ಮೇಲೆ, ಅಡುಗೆಮನೆಯಲ್ಲಿ ನಿಂತು ಒಣ ರೊಟ್ಟಿ ತಿನ್ನುತ್ತಿದ್ದ. ನಾಯೆಫನನ್ನು ಕಂಡು ಬಾಯಲ್ಲಿದ್ದುದನ್ನು ನುಂಗಿ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ಕೂರಿಸಿದ. ಯಾಕೆ ಬಂದೆ ಎನ್ನಲಿಲ್ಲ. ಕಾಫಿ ಕುದಿಸಿ ತಂದು, ಎಡಗೈಯಲ್ಲಿ ಕೆಟಲು, ಬಲಗೈಯಲ್ಲಿ ಬಟ್ಟಲು ಹಿಡಿದು, ತಳ ಮುಚ್ಚುವಷ್ಟು ಹೊಯ್ದು ಕೊಟ್ಟ. ಏಲಕ್ಕಿಯ ಘಮ ಮುಖಕ್ಕೆ ಬಡಿಯಿತು. ನಾಯೆಫ್ ಅದನ್ನು ಹಾಸಿನ ಮೇಲೆ, ಇಬ್ಬರ ನಡುವೆ ಇಟ್ಟ.

ಮಿತ್ಖಾಲ್ ಬಟ್ಟಲು ನೋಡಿದ, ನಾಯೆಫನನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಯಾಕೆ, ಹುಳಿ ಆಗಿದೆಯಾ?" ಎಂದು ಬಟ್ಟಲೆತ್ತಲು ಕೈ ಚಾಚಿದ.

ನಾಯೆಫ್ ಥಟ್ಟನೆ ಬಟ್ಟಲಿನ ಮೇಲೆ ಅಂಗೈ ಮುಚ್ಚಿದ. ಬಿಸಿ ಹಬೆ ಅಂಗೈಗೆ ಅಂಟಿತು. "ನಂಗೆ ಗೊತ್ತಿತ್ತು, ಮಿತ್ಖಾಲ್. ಮೂರು ಸಲಾನೂ ಗೊತ್ತಿತ್ತು. ಮನೇಲಿ ಒಬ್ಬನೇ ಇರೋಕೆ ಹೆದರಿಕೆ ಆಯ್ತು, ಅದಕ್ಕೆ ಹಾಗೆ ಮಾಡ್ದೆ. ಮತ್ತೆ ಬಾ. ಅವಳು ಕಾಯ್ತಿದಾಳೆ. ಬಂದು ಕೇಳು. ನಾನು ಆ ಕಪ್ಪು ಮುಟ್ಟಲ್ಲ." ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ.

ಮಿತ್ಖಾಲ್ ಎದ್ದು ಹೋಗಿ ಮೂಗು ಒರೆಸಿಕೊಂಡು ಬಂದ. ಬಂದು ಕೂತವನು ನಾಯೆಫನ ಅಂಗೈಯನ್ನು ಬಟ್ಟಲ ಮೇಲಿಂದ ತಾನೇ ಸರಿಸಿ, "ಕುಡಿ," ಎಂದ. ನಾಯೆಫ್ ಕುಡಿದ. ನಾಲಿಗೆಗೆ ಏನೂ ತಿಳಿಯಲಿಲ್ಲ.

"ಬೆಳಿಗ್ಗೆ ಎದ್ದ ತಕ್ಷಣ ಹೊರಟುಬಿಡ್ತೀನಿ," ಎಂದ ಮಿತ್ಖಾಲ್, ಈಗ ಹುಡುಗನ ಹಾಗೆ ಅವಸರ ಮಾಡುತ್ತ. "ಏಳು ಗಂಟೆಗೆಲ್ಲ ನಿಮ್ಮ ಬಾಗಿಲಲ್ಲಿರ್ತೀನಿ. ಆಗುತ್ತಾ?"

ನಾಯೆಫ್ ಖಾಲಿ ಬಟ್ಟಲನ್ನು ಕೈಯಲ್ಲಿ ತಿರುಗಿಸಿದ. "ಬೆಳಿಗ್ಗೆ ಬೇಡ," ಎಂದ. "ಬೆಳಿಗ್ಗೆ ಅವಳು ನನ್ನ ಜೊತೆ ಕಾಫಿ ಕುಡೀತಾಳೆ. ಮಧ್ಯಾಹ್ನದ ಮೇಲೆ ಬಾ."